ಪ್ರವಾದಿಯ ಜಾಗವೋ, ರಾಜನ ಜಾಗವೋ: ಸಭೆ ನಡೆಸುವವರಿಗೆ ಇಬ್ರಿಯ ಪ್ರವಾದಿಗಳು ಹೇಳಿಕೊಡುವುದೇನು

ಜನವರಿ ಬಂತೆಂದರೆ ಕ್ರೈಸ್ತರ ಮನೆಗಳಲ್ಲಿ ಹೊಸ ಕ್ಯಾಲೆಂಡರ್ ಗೋಡೆಗೇರುತ್ತದೆ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ವಚನ ಇರುತ್ತದೆ. ಬಹಳ ಸಲ ಅದು ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನ. ನಿಮ್ಮ ವಿಷಯದಲ್ಲಿ ನನಗಿರುವುದು ಕೇಡಿನ ಯೋಚನೆಯಲ್ಲ, ಒಳ್ಳೆಯ ಯೋಚನೆಯೇ ಎಂದು ದೇವರು ಹೇಳುವ ಮಾತು. ಮದುವೆ ಕಾರ್ಡಿನಲ್ಲಿ, ವಾಟ್ಸಾಪ್ ಶುಭಾಶಯದಲ್ಲಿ, ಹೊಸ ಮನೆಯ ಬಾಗಿಲ ಮೇಲೆ ಕೂಡ ಅದೇ ವಚನ.

ಅದರ ಹಿಂದಿನ 10ನೇ ವಚನವನ್ನು ಮಾತ್ರ ಕ್ಯಾಲೆಂಡರಿನಲ್ಲಿ ನಾನು ಕಂಡಿಲ್ಲ. ಅದರಲ್ಲಿ 70 ವರ್ಷ ಎಂದಿದೆ. ಯೆರೂಸಲೇಮಿನಿಂದ ಬ್ಯಾಬಿಲೋನಿಗೆ ಸೆರೆ ಹೋದ ಜನರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ ಅದು. ಒಳ್ಳೆಯ ದಿನ ಬರುತ್ತದೆ, ಆದರೆ 70 ವರ್ಷ ತುಂಬಿದ ಮೇಲೆ ಎಂದು ಅವನು ಬರೆದ. ಕಾಗದ ಓದಿಸಿ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಆ ದಿನ ನೋಡಲು ಬದುಕಿರುವುದಿಲ್ಲ. ಅಲ್ಲಿಯ ತನಕ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಊರಿಗೆ ಒಳ್ಳೆಯದನ್ನು ಬಯಸಿ ಎಂದೂ ಅದೇ ಕಾಗದದಲ್ಲಿದೆ.

ಈಚೆಗೆ "ಪ್ರವಾದಿ" ಎಂಬ ಪದ ಕಿವಿಗೆ ಜಾಸ್ತಿ ಬೀಳುತ್ತಿದೆ. ಕೆಲವು ಕ್ರೈಸ್ತ ಸಭೆಗಳ, ಅಂದರೆ ಚರ್ಚುಗಳ, ಫ್ಲೆಕ್ಸ್‌ಗಳಲ್ಲಿ ಬೋಧಕರ ಹೆಸರಿನ ಮುಂದೆ ಬಿರುದಿನ ಹಾಗೆ ಬರುತ್ತದೆ. ಪ್ರವಾದಿಗಳ ಹಾಗೆ ಮುಂದಾಳತ್ವ ವಹಿಸಿ ಎಂದು ಸಭಾಪಾಲಕರಿಗೆ ಹೇಳಿಕೊಡುವುದೂ ಉಂಟು. ಹಾಗಾದರೆ ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಆ ಜನ ಯಾರು? ಭಾನುವಾರ ಬೆಂಚಿನ ಮೇಲೆ ಕೂರುವವರಿಗೂ, ಸಭೆಯ ಕಮಿಟಿಯಲ್ಲಿ ಲೆಕ್ಕ ನೋಡುವವರಿಗೂ, ಸುಮ್ನೆ ತಿಳಿದುಕೊಳ್ಳುವ ಆಸೆ ಇರುವವರಿಗೂ ಇದನ್ನು ಬುಡದಿಂದ ಬಿಡಿಸಿ ಹೇಳುವ ಪ್ರಯತ್ನ ಇದು.

## ಪ್ರವಾದಿ ಅಂದರೆ ಭವಿಷ್ಯ ಹೇಳುವವನಾ?

ಇಬ್ರಿಯ (ಹೀಬ್ರೂ) ಭಾಷೆಯಲ್ಲಿ ಪ್ರವಾದಿಗೆ "ನಾವೀ" ಎನ್ನುತ್ತಾರೆ. ಇದರ ಅರ್ಥ ತಿಳಿಯಲು ವಿಮೋಚನಕಾಂಡದ 7ನೇ ಅಧ್ಯಾಯ ನೋಡಬೇಕು. ಮೋಶೆಗೆ ಮಾತು ಸಲೀಸಾಗಿ ಬರುವುದಿಲ್ಲ. ಅವನ ಅಣ್ಣ ಆರೋನ ಅವನ ಪರವಾಗಿ ಈಜಿಪ್ಟಿನ ರಾಜ ಫರೋಹನ ಮುಂದೆ ಮಾತಾಡುತ್ತಾನೆ. ಆರೋನ ನಿನಗೆ "ನಾವೀ" ಆಗಿರುತ್ತಾನೆ ಎಂದು ದೇವರು ಮೋಶೆಗೆ ಹೇಳುತ್ತಾನೆ. ಅಂದರೆ ಇನ್ನೊಬ್ಬರ ಮಾತನ್ನು ಬಾಯಾಗಿ ಹೇಳುವವನು.

ನಮ್ಮ ಹಳ್ಳಿಗಳಲ್ಲಿ ಹಿಂದೆ ಡಂಗುರ ಸಾರುವವರಿದ್ದರಲ್ಲ, ಹಾಗೆ. ಸಾರುವವನು ತನ್ನ ಸ್ವಂತ ಮಾತು ಸೇರಿಸುವಂತಿಲ್ಲ, ಕೊಟ್ಟ ಮಾತನ್ನು ಕದಿಯುವಂತೆಯೂ ಇಲ್ಲ. ಅದಕ್ಕೇ ಪ್ರವಾದಿಗಳ ಮಾತು "ಯೆಹೋವನು ಇಂತೆನ್ನುತ್ತಾನೆ" ಎಂದು ಶುರುವಾಗುತ್ತದೆ. ಯೆಹೋವ ಎಂಬುದು ಇಸ್ರಾಯೇಲರ ದೇವರ ಹೆಸರು. ಒಂದು ದೊಡ್ಡ ವ್ಯತ್ಯಾಸ ಇದೆ. ಡಂಗುರ ಚಾವಡಿಯಿಂದ ಹೊರಟು ಊರಿಗೆ ಕೇಳಿಸುತ್ತಿತ್ತು. ಪ್ರವಾದಿಯ ಡಂಗುರ ಬಹಳ ಸಲ ಚಾವಡಿಯ ಬಾಗಿಲಲ್ಲೇ, ಚಾವಡಿಯ ವಿರುದ್ಧವೇ ಬಾರಿಸುತ್ತಿತ್ತು.

ಮುಂದೆ ಆಗುವುದನ್ನು ಅವರು ಹೇಳುತ್ತಿದ್ದದ್ದು ನಿಜ. ಆದರೆ ಅದು ಜಾತಕ ನೋಡಿ ಹೇಳಿದ ಹಾಗಲ್ಲ, ಡಾಕ್ಟರ್ ಹೇಳಿದ ಹಾಗೆ. ಹೀಗೇ ಬೀಡಿ ಸೇದಿದರೆ ಶ್ವಾಸಕೋಶ ಉಳಿಯಲ್ಲ ಎನ್ನುವ ಡಾಕ್ಟರಿಗೆ ತನ್ನ ಮಾತು ಸುಳ್ಳಾಗಲಿ ಎಂದೇ ಆಸೆ, ಅಲ್ವಾ? ಇನ್ನು 40 ದಿನದಲ್ಲಿ ನಿನೆವೆ ಪಟ್ಟಣ ಹಾಳಾಗುತ್ತದೆ ಎಂದು ಯೋನ ಸಾರಿದ. ಜನ ತಿದ್ದಿಕೊಂಡರು, ಪಟ್ಟಣ ಉಳಿಯಿತು. ಬೈಬಲ್ ಇದನ್ನು ಸೋಲು ಎಂದು ಬರೆದಿಲ್ಲ.

## ಮೂರು ಜಾಗಗಳು

ಹಳೆಯ ಇಸ್ರಾಯೇಲಿನಲ್ಲಿ ಜನರನ್ನು ನಡೆಸುವ ಜಾಗಗಳು ಮುಖ್ಯವಾಗಿ ಮೂರು. ರಾಜನ ಸಿಂಹಾಸನ ತಂದೆಯಿಂದ ಮಗನಿಗೆ ಬರುತ್ತಿತ್ತು. ಯಾಜಕನ ಕೆಲಸ, ಅಂದರೆ ದೇವಾಲಯದ ಪೂಜೆ ಮತ್ತು ಬಲಿಯ ಕೆಲಸ, ವಂಶದಿಂದ ಬರುತ್ತಿತ್ತು. ಪ್ರವಾದಿಗೆ ಮಾತ್ರ ಕುರ್ಚಿ ಇಲ್ಲ, ಉಂಬಳಿ ಇಲ್ಲ, ಸೈನ್ಯ ಇಲ್ಲ. ದೇವರು ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೆಂಗಸರಿಗೂ ಆ ಕರೆ ಬಂದಿತ್ತು. ದೆಬೋರ, ಹುಲ್ದ ಅಂಥವರು.

ಈಗ ಯೋಚಿಸಿ. ಇವತ್ತಿನ ಬಿಷಪ್, ಸಭಾಪಾಲಕ, ಸಭೆಯ ಹಿರಿಯ, ಮಿಷನ್ ಶಾಲೆಯ ಆಡಳಿತ ನೋಡುವವರು: ಇವರ ಕೈಯಲ್ಲಿ ಏನಿದೆ? ಕುರ್ಚಿ ಇದೆ. ಚೆಕ್ಕಿಗೆ ಹಾಕುವ ಸಹಿ ಇದೆ. ಯಾರನ್ನು ಎಲ್ಲಿಗೆ ವರ್ಗ ಮಾಡಬೇಕು ಎನ್ನುವ ಅಧಿಕಾರ ಇದೆ. ಪ್ರವಾದಿಗಳ ಕತೆ ಓದುವಾಗ ನಾವೆಲ್ಲ ನಮ್ಮನ್ನು ಪ್ರವಾದಿಯ ಜಾಗದಲ್ಲಿ ಇಟ್ಟುಕೊಳ್ಳುತ್ತೇವೆ. ಆದರೆ ಅಧಿಕಾರ ಇರುವವರು ಆ ಕತೆಗಳಲ್ಲಿ ನಿಂತಿರುವುದು ರಾಜನ ಜಾಗದಲ್ಲಿ. ನನಗೆ ಕಾಣುವ ಮೊದಲ ಪಾಠ ಅದೇ. ಪ್ರವಾದಿಯ ಹಾಗೆ ಮಾತಾಡುವುದು ಹೇಗೆ ಎಂದು ಕೇಳುವ ಮುಂಚೆ, ಪ್ರವಾದಿ ಬಾಗಿಲಿಗೆ ಬಂದರೆ ನಾನು ಏನು ಮಾಡುತ್ತೇನೆ ಎಂದು ಕೇಳಿಕೊಳ್ಳಬೇಕು.

ಯೆಹೂದ್ಯರ ಬೈಬಲಿನಲ್ಲಿ ಸಮುವೇಲ ಮತ್ತು ಅರಸುಗಳ ಪುಸ್ತಕಗಳು ಕೂಡ "ಪ್ರವಾದಿಗಳು" ಎಂಬ ಭಾಗದಲ್ಲೇ ಸೇರಿವೆ. (ಈ ಗ್ರಂಥ ಮೊದಲು ಅವರದು, ಇವತ್ತಿಗೂ ಸಬ್ಬತ್ ದಿನ, ಅಂದರೆ ವಾರದ ವಿಶ್ರಾಂತಿಯ ದಿನ, ಸಭಾಮಂದಿರಗಳಲ್ಲಿ ಪ್ರವಾದಿಗಳ ಭಾಗ ಓದುತ್ತಾರೆ.) ರಾಜರ ಚರಿತ್ರೆಯನ್ನೂ ಪ್ರವಾದಿಗಳ ಲೆಕ್ಕಕ್ಕೆ ಸೇರಿಸಿದ್ದಾರೆ ಎಂದರೆ, ರಾಜನನ್ನು ಯಾವ ಅಳತೆಗೋಲಿನಿಂದ ಅಳೆದರು ಎಂದು ಗೊತ್ತಾಗುತ್ತದೆ.

## ಒಂದು ಕುರಿಮರಿಯ ಕತೆ

ಕ್ರಿ.ಪೂ. 1000ದ ಆಸುಪಾಸು. ದಾವೀದ ಯೆರೂಸಲೇಮಿನ ರಾಜ. ತನ್ನ ಸೈನಿಕ ಊರೀಯ ಯುದ್ಧಕ್ಕೆ ಹೋಗಿದ್ದಾಗ ಅವನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡ. ಅವಳು ಬಸುರಿಯಾದಳು. ವಿಷಯ ಮುಚ್ಚಲು ಆಗದಿದ್ದಾಗ ಊರೀಯನನ್ನು ಯುದ್ಧದ ಮುಂದಿನ ಸಾಲಿನಲ್ಲಿ ನಿಲ್ಲಿಸಿ ಸಾಯಿಸಿ ಎಂದು ಸೇನಾಪತಿಗೆ ಪತ್ರ ಬರೆದ. ಪತ್ರವನ್ನು ಊರೀಯನ ಕೈಯಲ್ಲೇ ಕೊಟ್ಟು ಕಳಿಸಿದ.

ಆಗ ಪ್ರವಾದಿ ನಾತಾನ ಅರಮನೆಗೆ ಬಂದ. ನೇರವಾಗಿ ಬೈಯಲಿಲ್ಲ. ಒಂದು ನ್ಯಾಯದ ಪ್ರಕರಣ ಹೇಳಿದ. ಒಂದೂರಲ್ಲಿ ಇಬ್ಬರು. ಒಬ್ಬನಿಗೆ ಕುರಿದನಗಳ ಮಂದೆಯೇ ಇದೆ. ಇನ್ನೊಬ್ಬ ಬಡವ, ಅವನಿಗೆ ಕೊಂಡು ತಂದು ಸಾಕಿದ ಒಂದೇ ಕುರಿಮರಿ. ಅದು ಅವನ ತುತ್ತಿನಲ್ಲಿ ತುತ್ತು ತಿನ್ನುತ್ತಿತ್ತು, ಅವನ ಬಟ್ಟಲಲ್ಲೇ ಕುಡಿಯುತ್ತಿತ್ತು, ಅವನ ಎದೆಯ ಮೇಲೆ ಮಲಗುತ್ತಿತ್ತು, ಮಗಳ ಹಾಗಿತ್ತು. ಸಾಹುಕಾರನ ಮನೆಗೆ ನೆಂಟ ಬಂದ. ಅವನು ತನ್ನ ಮಂದೆ ಮುಟ್ಟದೆ ಬಡವನ ಮರಿಯನ್ನು ಹಿಡಿದು ತಂದು ಅಡುಗೆ ಮಾಡಿಸಿದ.

ದಾವೀದ ಕುರುಬನಾಗಿದ್ದವನು. ರೇಗಿಹೋದ. ಅವನು ಸಾಯಬೇಕಾದವನು, ಒಂದಕ್ಕೆ ನಾಲ್ಕು ಮರಿ ಕೊಡಬೇಕು ಎಂದ. ನಾತಾನ ಹೇಳಿದ: "ಆ ಮನುಷ್ಯ ನೀನೇ."

ಇಲ್ಲಿ ಎರಡೂ ಕಡೆ ಪಾಠ ಇದೆ. ಮೇಲಿನವರಿಗೆ ತಪ್ಪು ತೋರಿಸಬೇಕಾದವರು ನಾತಾನನನ್ನು ನೋಡಬಹುದು. ಅವನು ದಾವೀದನ ಒಳಗೆ ಇನ್ನೂ ಸಾಯದೆ ಉಳಿದಿದ್ದ ಕುರುಬನನ್ನು ಎಬ್ಬಿಸಿದ. ಜನರ ಮುಂದೆ ಮಾನ ಕಳೆಯುವುದು ಅವನ ಉದ್ದೇಶ ಆಗಿರಲಿಲ್ಲ. ಕುರ್ಚಿಯಲ್ಲಿರುವವರು ದಾವೀದನನ್ನು ನೋಡಬಹುದು. ಕೊಲೆ ಮಾಡಿಸಿದವನಿಗೆ ಇನ್ನೊಂದು ಕೊಲೆ ಕಷ್ಟವೇನೂ ಅಲ್ಲ. ಅವನು ಹಾಗೆ ಮಾಡಲಿಲ್ಲ. ಸಮಿತಿ ರಚಿಸುತ್ತೇನೆ ಎನ್ನಲಿಲ್ಲ, ನಿನಗೆ ಯಾರು ಹೇಳಿದ್ದು ಎಂದೂ ಕೇಳಲಿಲ್ಲ. ನಾನು ಪಾಪ ಮಾಡಿದ್ದೇನೆ ಎಂದ. ತಪ್ಪಿನ ಫಲ ಅದರಿಂದ ಅಳಿಸಿಹೋಗಲಿಲ್ಲ, ಅವನ ಮನೆ ಮುಂದೆ ಬಹಳ ನೋವು ತಿಂದಿತು. ಆದರೆ ನಾತಾನ ದಾವೀದನ ಕೊನೆಯ ದಿನಗಳವರೆಗೂ ಅರಮನೆಗೆ ಬಂದು ಹೋಗುತ್ತಿದ್ದ.

ನಾತಾನನ ಬಗ್ಗೆ ಇನ್ನೊಂದು ಮಾತನ್ನು ಪ್ರಸಂಗಗಳಲ್ಲಿ ಅಪರೂಪಕ್ಕೆ ಕೇಳುತ್ತೇವೆ. ದೇವರಿಗೆ ಮನೆ ಕಟ್ಟಬೇಕು ಎಂದು ದಾವೀದ ಹೇಳಿದಾಗ ನಾತಾನ ಹಿಂದೆಮುಂದೆ ನೋಡದೆ ಮಾಡು, ದೇವರು ನಿನ್ನ ಜೊತೆ ಇದ್ದಾನೆ ಎಂದುಬಿಟ್ಟ. ಆ ರಾತ್ರಿಯೇ ದೇವರ ಮಾತು ಬೇರೆಯಾಗಿ ಬಂತು. ನಾತಾನ ಮತ್ತೆ ರಾಜನ ಹತ್ತಿರ ಹೋಗಿ ಹೊಸ ಮಾತನ್ನು ಹೇಳಿದ. ತಾನು ಕೊಟ್ಟ ಮಾತನ್ನು ತಾನೇ ಹಿಂದೆ ತೆಗೆದುಕೊಳ್ಳುವುದು ಎಷ್ಟು ಕಷ್ಟ ಎಂದು ಮೈಕ್ ಹಿಡಿದು ಮಾತಾಡುವವರಿಗೆ ಗೊತ್ತು.

## ಅಪ್ಪ ಬಟ್ಟೆ ಹರಿದುಕೊಂಡ, ಮಗ ಸುರುಳಿ ಹರಿದ

ಕ್ರಿ.ಪೂ. 622ರ ಸುಮಾರಿಗೆ ಯೆರೂಸಲೇಮಿನ ದೇವಾಲಯ ರಿಪೇರಿ ಮಾಡುವಾಗ ಒಂದು ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು. ರಾಜ ಯೋಷೀಯನ ಮುಂದೆ ಅದನ್ನು ಓದಿದರು. ನಾವು ನಡೆಯುತ್ತಿರುವ ದಾರಿ ತಪ್ಪು ಎಂದು ಗೊತ್ತಾದ ಕೂಡಲೇ ಅವನು ಬಟ್ಟೆ ಹರಿದುಕೊಂಡ. ದುಃಖಕ್ಕೆ ಆ ಕಾಲದ ಗುರುತು ಅದು. ಮಹಾಯಾಜಕ ಹಿಲ್ಕೀಯನನ್ನೂ ಅಧಿಕಾರಿಗಳನ್ನೂ ಯೆಹೋವನ ಮಾತು ಕೇಳಿಬನ್ನಿ ಎಂದು ಕಳಿಸಿದ. ಅವರು ಹೋದದ್ದು ಹುಲ್ದ ಎಂಬ ಪ್ರವಾದಿನಿಯ ಬಳಿ. ಅವಳು ಅರಮನೆಯ ಬಟ್ಟೆಬರೆ ನೋಡಿಕೊಳ್ಳುವವನ ಹೆಂಡತಿ.

18 ವರ್ಷ ಕಳೆಯಿತು. ಯೋಷೀಯನ ಮಗ ಯೆಹೋಯಾಕೀಮ ಸಿಂಹಾಸನದಲ್ಲಿದ್ದ. ಚಳಿಗಾಲದ ಅರಮನೆ, ಮುಂದೆ ಅಗ್ಗಿಷ್ಟಿಕೆ. ಯೆರೆಮೀಯ ಹೇಳಿ ಬಾರೂಕ ಬರೆದ ಸುರುಳಿಯನ್ನು ಓದಿಸಿದರು. ಮೂರು ನಾಲ್ಕು ಅಂಕಣ ಓದಿದ ಹಾಗೆ ರಾಜ ಲೇಖಕರ ಚಾಕುವಿನಿಂದ ಅಷ್ಟನ್ನು ಕತ್ತರಿಸಿ ಬೆಂಕಿಗೆ ಹಾಕಿದ. ಮತ್ತೆ ಓದು, ಮತ್ತೆ ಕತ್ತರಿಸು. ಸುಡಬೇಡಿ ಎಂದು ಮೂರು ಜನ ಅಧಿಕಾರಿಗಳು ಬೇಡಿಕೊಂಡರು. ಕೇಳಲಿಲ್ಲ. ಇಡೀ ಸುರುಳಿ ಬೂದಿಯಾಯಿತು.

ಇಬ್ರಿಯ ಮೂಲದಲ್ಲಿ ಅಪ್ಪ ಬಟ್ಟೆ ಹರಿದುಕೊಂಡದ್ದಕ್ಕೂ ಮಗ ಸುರುಳಿ ಹರಿದದ್ದಕ್ಕೂ ಒಂದೇ ಕ್ರಿಯಾಪದ. ರಾಜನೂ ಅವನ ಸೇವಕರೂ ಬಟ್ಟೆ ಹರಿದುಕೊಳ್ಳಲಿಲ್ಲ ಎಂದು ಮುಂದಿನ ಸಾಲೇ ಹೇಳುತ್ತದೆ. ಬರೆದವನು ಬೇಕೆಂದೇ ಆ ಪದ ಇಟ್ಟಿದ್ದಾನೆ ಎಂದು ನನಗನ್ನಿಸುತ್ತದೆ.

ಕಟು ಸತ್ಯದ ಕಾಗದ ಮೇಜಿಗೆ ಬಂದಾಗ ಮುಂದಾಳಿನ ಮುಂದೆ ಇವೆರಡೇ ದಾರಿ. ಆಡಿಟ್ ವರದಿ ಆಗಿರಬಹುದು, ಒಬ್ಬ ತಾಯಿ ತನ್ನ ಮಗುವಿನ ಬಗ್ಗೆ ಬರೆದ ದೂರು ಆಗಿರಬಹುದು. ಸುಟ್ಟರೆ ಕಾಗದ ಹೋಗುತ್ತದೆ, ಅದರಲ್ಲಿದ್ದದ್ದು ಹೋಗುವುದಿಲ್ಲ. ಯೆರೆಮೀಯ ಇನ್ನೊಂದು ಸುರುಳಿ ತೆಗೆದುಕೊಂಡ. ಬಾರೂಕ ಮೊದಲಿಂದ ಎಲ್ಲವನ್ನೂ ಮತ್ತೆ ಬರೆದ. ಈ ಸಲ ಇನ್ನೂ ಕೆಲವು ಮಾತು ಸೇರಿದವು.

## ಅತ್ತಿ ಹಣ್ಣಿನವನು, ಕಳ್ಳ ಸೇರು

ಆಮೋಸನ ಕಾಲ ಕ್ರಿ.ಪೂ. 760ರ ಸುಮಾರು. ಊರು ತೆಕೋವ, ಯೆರೂಸಲೇಮಿಗೆ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್. ಕುರಿ ಕಾಯುವುದು, ಅತ್ತಿ ಹಣ್ಣು ನೋಡಿಕೊಳ್ಳುವುದು ಅವನ ಕಸುಬು. ಕನ್ನಡ ಬೈಬಲ್ ಆ ಮರವನ್ನು ಅತ್ತಿ ಎಂದು ಕರೆಯುವುದು ಸರಿಯಾಗೇ ಇದೆ, ನಮ್ಮ ಅತ್ತಿಮರಕ್ಕೆ ಅದು ಹತ್ತಿರದ ಸಂಬಂಧಿ. ಅಲ್ಲಿ ಒಂದೊಂದು ಕಾಯಿಗೂ ಚಾಕುವಿನಿಂದ ಸಣ್ಣ ಗೀರು ಹಾಕಬೇಕು. ಗೀರಿದ ಕಾಯಿ ಕೆಲವೇ ದಿನದಲ್ಲಿ ಹಣ್ಣಾಗುತ್ತದೆ. ಬಿಸಿಲಲ್ಲಿ ಮರ ಹತ್ತಿ ಮಾಡುವ ಕೂಲಿ ಕೆಲಸ. ಹಣ್ಣು ತಿನ್ನುವವರೂ ಬಡವರೇ.

ದಾವೀದನ ರಾಜ್ಯ ಆಗ ಎರಡಾಗಿ ಒಡೆದಿತ್ತು. ಆಮೋಸ ದಕ್ಷಿಣದವನು, ಆದರೆ ಸಾರಿದ್ದು ಉತ್ತರದ ಇಸ್ರಾಯೇಲ್ ರಾಜ್ಯದಲ್ಲಿ. ಅವನ ಕಾಲದಲ್ಲಿ ಆ ರಾಜ್ಯ ಚೆನ್ನಾಗಿತ್ತು. ವ್ಯಾಪಾರ ಜೋರು. ದಂತದ ಮಂಚದ ಮೇಲೆ ಮಲಗುವವರೇ ಎಂದು ಆಮೋಸ ಸಾಹುಕಾರರನ್ನು ಕರೆದ. 20ನೇ ಶತಮಾನದಲ್ಲಿ ರಾಜಧಾನಿ ಸಮಾರ್ಯವನ್ನು ಅಗೆದಾಗ ಕೆತ್ತನೆ ಮಾಡಿದ ದಂತದ ಚೂರುಗಳು ನೂರಾರು ಸಿಕ್ಕವು. ಅವನ ಮಾತು ಬರೀ ಉಪಮೆ ಆಗಿರಲಿಲ್ಲ.

ಅವನ ಕಣ್ಣು ಸಂತೆಯ ಮೇಲಿತ್ತು. ಕಾಳು ಅಳೆಯುವ "ಏಫಾ" ಎಂಬ ಅಳತೆಯನ್ನು ವ್ಯಾಪಾರಿಗಳು ಚಿಕ್ಕದು ಮಾಡಿದ್ದರು. ಆಗಿನ್ನೂ ನಾಣ್ಯ ಬಂದಿರಲಿಲ್ಲ. ಕೊಳ್ಳುವವನು ಬೆಳ್ಳಿ ತೂಗಿ ಕೊಡಬೇಕಿತ್ತು. ಆ ಬೆಳ್ಳಿ ತೂಗುವ "ಶೆಕೆಲ್" ಬಟ್ಟನ್ನು ಭಾರ ಮಾಡಿದ್ದರು. ಅಂದರೆ ಕೊಡುವಾಗ ಸೇರು ಚಿಕ್ಕದು, ತೆಗೆದುಕೊಳ್ಳುವಾಗ ಬಟ್ಟು ದೊಡ್ಡದು. ಕಾಳಿನ ಜೊತೆ ಕಸವನ್ನೂ ಮಾರುತ್ತಿದ್ದರು. ಇದನ್ನೆಲ್ಲ ಮಾಡುವವರು ಭಕ್ತರೇ. ಅಮಾವಾಸ್ಯೆ ಹಬ್ಬ, ಸಬ್ಬತ್ ಎಲ್ಲ ಆಚರಿಸುತ್ತಿದ್ದರು, ಹಬ್ಬ ಯಾವಾಗ ಮುಗಿದು ಅಂಗಡಿ ತೆರೆಯುತ್ತೇವೋ ಎಂದು ಕಾಯುತ್ತಿದ್ದರು. ನಿಮ್ಮ ಹಾಡಿನ ಗದ್ದಲ ನನಗೆ ಬೇಡ, ನ್ಯಾಯ ನೀರಿನ ಹಾಗೆ ಹರಿಯಲಿ ಎಂದು ದೇವರು ಹೇಳುತ್ತಿದ್ದಾನೆಂದು ಆಮೋಸ ಸಾರಿದ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ, ತಾನೂ ಸಭಾಪಾಲಕನಾಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಇದೇ ಮಾತನ್ನು ಎತ್ತಿ ಹೇಳಿದ.

ಉತ್ತರದ ರಾಜ್ಯದ ದೇವಾಲಯವಿದ್ದ ಬೇತೇಲಿನ ಯಾಜಕ ಅಮಚ್ಯ ಕೊಟ್ಟ ಉತ್ತರ ಗಮನಿಸಬೇಕು. ಇದು ರಾಜನ ದೇವಾಲಯ, ಇಲ್ಲಿ ಪ್ರವಾದಿಸಬೇಡ, ನಿನ್ನ ಊರಿಗೆ ಹೋಗಿ ಅಲ್ಲೇ ಅನ್ನ ಸಂಪಾದಿಸು ಎಂದ. ಆಮೋಸ ಹೇಳಿದ್ದು ಸುಳ್ಳು ಎಂದು ಅವನು ಎಲ್ಲೂ ಹೇಳಲಿಲ್ಲ. ದೇವರ ಮನೆ ಯಾವಾಗ ರಾಜನ ಮನೆಯಾಯಿತು ಎಂದು ಅವನಿಗೇ ತಿಳಿದಿರಲಿಕ್ಕಿಲ್ಲ. ಸಭೆ ನಡೆಸುವವರಿಗೆ ಇದು ಬಹಳ ಹತ್ತಿರದ ಅಪಾಯ. ಕ್ರಿ.ಪೂ. 722ರಲ್ಲಿ ಅಶ್ಶೂರದವರು ಆ ರಾಜ್ಯವನ್ನು ಮುಗಿಸಿದರು.

## ಸಿಹಿ ಮಾತಿನ ಪ್ರವಾದಿಯನ್ನು ಗುರುತಿಸುವುದು ಹೇಗೆ?

ಕ್ರಿ.ಪೂ. 597ರಲ್ಲಿ ಬ್ಯಾಬಿಲೋನಿನವರು ಯೆರೂಸಲೇಮಿನಿಂದ ಮೊದಲ ದೊಡ್ಡ ಗುಂಪನ್ನು ಸೆರೆ ಒಯ್ದರು. ಕೆಲವು ವರ್ಷದ ಮೇಲೆ ಯೆರೆಮೀಯ ಕುತ್ತಿಗೆಗೆ ಮರದ ನೊಗ ಹಾಕಿಕೊಂಡು ತಿರುಗಿದ. ಬ್ಯಾಬಿಲೋನಿನ ನೊಗ ಇನ್ನೂ ಬಹಳ ಕಾಲ ಇರುತ್ತದೆ ಎಂಬುದಕ್ಕೆ ಗುರುತು. ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ಜನರ ಮುಂದೆ ಎದ್ದು, ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ ಎಂದ. ಯೆರೆಮೀಯನ ನೊಗ ಕಿತ್ತು ಮುರಿದ.

ಇಬ್ಬರೂ ಯೆಹೋವನ ಹೆಸರಲ್ಲೇ ಮಾತಾಡಿದರು. ಕೇಳುವವರಿಗೆ ಯಾರು ನಿಜ ಎಂದು ಹೇಗೆ ಗೊತ್ತಾಗಬೇಕು? ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಒಂದು ಪರೀಕ್ಷೆ ಕೊಡುತ್ತದೆ: ಹೇಳಿದ್ದು ನಡೆಯದಿದ್ದರೆ ಅದು ದೇವರ ಮಾತಲ್ಲ. ಆದರೆ ಅದಕ್ಕೆ ಕಾಯಬೇಕು. ಪ್ರವಾದಿ ಮೀಕ ಇನ್ನೊಂದು ಗುರುತು ಹೇಳುತ್ತಾನೆ. ಸುಳ್ಳು ಪ್ರವಾದಿಗಳು ತಮ್ಮ ಬಾಯಿಗೆ ಊಟ ಹಾಕಿದವರಿಗೆ ಸಮಾಧಾನ ಎನ್ನುತ್ತಾರೆ, ಹಾಕದವರ ಮೇಲೆ ಯುದ್ಧ ಸಾರುತ್ತಾರೆ ಎಂದು. ಈ ಗುರುತಿಗೆ ಕಾಯಬೇಕಾಗಿಲ್ಲ.

ಯೆರೆಮೀಯ ನಡೆದುಕೊಂಡ ರೀತಿ ನನಗೆ ಬಹಳ ಇಷ್ಟ. ಹನನ್ಯನ ಮಾತಿಗೆ ಅವನು ಮೊದಲು "ಆಮೆನ್, ಹಾಗೇ ಆಗಲಿ" ಎಂದ. ತನ್ನ ಕೆಟ್ಟ ಸುದ್ದಿಯೇ ನಿಜವಾಗಬೇಕೆಂಬ ಹಟ ಅವನಿಗಿರಲಿಲ್ಲ. ನೊಗ ಮುರಿದಾಗ ಜಗಳ ಆಡದೆ ಎದ್ದು ಹೋದ. ಹೊಸ ಮಾತು ಬಂದ ಮೇಲೇ ತಿರುಗಿ ಬಂದು, ಮರದ ನೊಗದ ಬದಲು ಕಬ್ಬಿಣದ ನೊಗ ಬರುತ್ತದೆ ಎಂದ. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮ್ ಸುಟ್ಟುಹೋಯಿತು.

ಹಾಗಂತ ಅವನು ಬರೀ ಕೇಡು ನುಡಿಯುವವನಲ್ಲ. ಪಟ್ಟಣಕ್ಕೆ ಮುತ್ತಿಗೆ ಬಿದ್ದಿದ್ದಾಗ, ಅನಾತೋತಿನಲ್ಲಿದ್ದ ಚಿಕ್ಕಪ್ಪನ ಮಗನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಂಡ. ಶತ್ರು ನಿಂತಿರುವ ನೆಲ ಅದು. ಕ್ರಯಪತ್ರಕ್ಕೆ ಸಾಕ್ಷಿ ಹಾಕಿಸಿ, ಬಹಳ ದಿನ ಉಳಿಯಲಿ ಎಂದು ಮಣ್ಣಿನ ಪಾತ್ರೆಯಲ್ಲಿ ಇಡಿಸಿದ. ಈ ನಾಡಿನಲ್ಲಿ ಮತ್ತೆ ಹೊಲ ಮನೆ ಕೊಳ್ಳುವ ಕಾಲ ಬರುತ್ತದೆ ಎಂದು ಸಾರಿದವನು ತನ್ನ ಜೇಬಿನಿಂದಲೇ ದುಡ್ಡು ಹಾಕಿದ.

## ಎತ್ತಿನ ಲೆಕ್ಕ, ಕುರಿಯ ಲೆಕ್ಕ

ದಾವೀದನಿಗಿಂತ ಮುಂಚೆ ಜನರನ್ನು ನಡೆಸಿದ ಪ್ರವಾದಿ ಸಮುವೇಲ ಮುದುಕನಾದಾಗ ಜನರನ್ನೆಲ್ಲ ಸೇರಿಸಿ, ನಾನು ಯಾರ ಎತ್ತು ತೆಗೆದುಕೊಂಡೆ, ಯಾರ ಕತ್ತೆ ಹಿಡಿದುಕೊಂಡೆ, ಯಾರಿಂದ ಲಂಚ ತಿಂದೆ, ಹೇಳಿ ಎಂದು ಕೇಳಿದ. ಯಾರಿಂದಲೂ ಇಲ್ಲ ಎಂದು ಜನ ಸಾಕ್ಷಿ ಹೇಳಿದರು. ಅಷ್ಟು ಶುದ್ಧ ಕೈ. ಆದರೂ ಅವನು ನ್ಯಾಯಾಧಿಪತಿಗಳಾಗಿ ನೇಮಿಸಿದ ಅವನ ಇಬ್ಬರು ಗಂಡುಮಕ್ಕಳು ಬೇರ್ಷೆಬದಲ್ಲಿ ಲಂಚ ತಿನ್ನುತ್ತಿದ್ದರು. ಅಪ್ಪನ ಪ್ರಾಮಾಣಿಕತೆ ಮಕ್ಕಳಿಗೆ ಆಸ್ತಿಯ ಹಾಗೆ ಬರುವುದಿಲ್ಲ. ಬೈಬಲ್ ಎರಡನ್ನೂ ಮುಚ್ಚಿಡದೆ ಬರೆದಿದೆ.

ಯೆಹೆಜ್ಕೇಲನ ಪುಸ್ತಕದ 34ನೇ ಅಧ್ಯಾಯ ಮುಂದಾಳುಗಳನ್ನು ಕುರುಬರು ಎಂದು ಕರೆಯುತ್ತದೆ. ಹಾಲು ಕುಡಿದಿರಿ, ಉಣ್ಣೆ ಹೊದ್ದಿರಿ, ಕೊಬ್ಬಿದ್ದನ್ನು ಕೊಯ್ದು ತಿಂದಿರಿ. ಕಾಲು ಮುರಿದದ್ದಕ್ಕೆ ಕಟ್ಟು ಕಟ್ಟಿದಿರಾ? ಕಳೆದುಹೋದದ್ದನ್ನು ಹುಡುಕಿದಿರಾ? ಹೊಸ ಒಡಂಬಡಿಕೆಯಲ್ಲಿ ಯೇಸು ತಾನೇ ಒಳ್ಳೆಯ ಕುರುಬ ಎಂದಾಗ ಕೇಳುವವರಿಗೆ ಈ ಅಧ್ಯಾಯ ನೆನಪಾಗಿರಬೇಕು. ಪೇತ್ರನ ಮೊದಲ ಪತ್ರ ಸಭೆಯ ಹಿರಿಯರಿಗೆ ಅದನ್ನೇ ನಿಯಮ ಮಾಡಿ ಕೊಟ್ಟಿತು: ದುಡ್ಡಿನ ಆಸೆಗೆ ಮಾಡಬೇಡಿ, ಮಂದೆಯ ಮೇಲೆ ದೊರೆತನ ಮಾಡಬೇಡಿ.

## ಸುಸ್ತಾದವನಿಗೆ ರೊಟ್ಟಿ

ಒಂದು ವಿಷಯ ಹೇಳದೆ ಬಿಟ್ಟರೆ ಅನ್ಯಾಯ. ಪ್ರವಾದಿಗಳೂ ಕುಸಿದು ಬಿದ್ದವರು. ಎಲೀಯ ಕರ್ಮೆಲ್ ಬೆಟ್ಟದಲ್ಲಿ ದೊಡ್ಡ ಗೆಲುವು ಕಂಡ ಮೇಲೆ ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿದ. ಮರಳುಗಾಡಿನ ಒಂದು ಪೊದೆಯ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಬೇಡಿಕೊಂಡು ನಿದ್ದೆ ಹೋದ. ದೇವದೂತ ಬಂದು ಎಬ್ಬಿಸಿದ. ಉಪದೇಶ ಮಾಡಲಿಲ್ಲ. ಎದ್ದು ಊಟ ಮಾಡು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಇನ್ನೊಮ್ಮೆ ಎಬ್ಬಿಸಿ ಮತ್ತೆ ಊಟ. ಮಾತುಕತೆ ಬಹಳ ದಿನ ಕಳೆದ ಮೇಲೆ, ಹೋರೇಬ್ ಬೆಟ್ಟದಲ್ಲಿ. ನಾನೊಬ್ಬನೇ ಉಳಿದಿದ್ದೇನೆ ಎಂದು ಅವನು ಎರಡು ಸಲ ಹೇಳಿದ. ಇನ್ನೂ 7000 ಜನ ಇದ್ದಾರೆ ಎಂದು ದೇವರು ಹೇಳಿ, ಮುಂದಿನ ಕೆಲಸಕ್ಕೆ ಎಲೀಷನನ್ನು ತೋರಿಸಿದ. ನಮ್ಮ ಸಭಾಪಾಲಕರಲ್ಲಿ ಎಷ್ಟೋ ಮಂದಿ ಆ ಪೊದೆಯ ಕೆಳಗೆ ಕೂತಿದ್ದಾರೆ. ಅವರಿಗೆ ಮೊದಲು ಬೇಕಿರುವುದು ಊಟ, ನಿದ್ದೆ, ಜೊತೆಗೆ ಒಬ್ಬ ಎಲೀಷ.

## ಹಗ್ಗದ ಜೊತೆ ಹಳೇ ಬಟ್ಟೆ

ಯೆರೂಸಲೇಮಿನ ಕೊನೆಯ ದಿನಗಳಲ್ಲಿ ಅಧಿಕಾರಿಗಳು ಯೆರೆಮೀಯನನ್ನು ಒಂದು ಬಾವಿಗೆ ಇಳಿಸಿದರು. ನೀರಿಲ್ಲ, ಬರೀ ಕೆಸರು. ಅವನು ಹೂತುಹೋದ. ರಾಜ ಚಿದ್ಕೀಯ ಹೆದರುಪುಕ್ಕಲ, ನಿಮ್ಮ ಮುಂದೆ ನನ್ನದೇನೂ ನಡೆಯದು ಎಂದು ಅವರಿಗೇ ಹೇಳಿದ್ದವನು. ಆಗ ಅರಮನೆಯಲ್ಲಿ ಕೆಲಸಕ್ಕಿದ್ದ ಕೂಷ್ ದೇಶದ ಎಬೆದ್ಮೆಲೆಕ, ಅಂದರೆ ಪರದೇಶದವನು, ರಾಜ ಬೆನ್ಯಾಮೀನ್ ಬಾಗಿಲಲ್ಲಿ ಕೂತಿದ್ದಾಗ ಎಲ್ಲರ ಎದುರು ಹೋಗಿ, ಇವರು ಮಾಡಿದ್ದು ಕೆಟ್ಟದ್ದು, ಆ ಮನುಷ್ಯ ಹಸಿವಿನಿಂದ ಸಾಯುತ್ತಾನೆ ಎಂದ. ಅಪ್ಪಣೆ ಸಿಕ್ಕಿತು. ಆಳುಗಳನ್ನು ಕರೆದುಕೊಂಡ. ನೇರವಾಗಿ ಬಾವಿಗೆ ಹೋಗದೆ ಮೊದಲು ಅರಮನೆಯ ಉಗ್ರಾಣಕ್ಕೆ ಹೋಗಿ ಹಳೇ ಚಿಂದಿ ಬಟ್ಟೆ ಆರಿಸಿದ. ಹಗ್ಗದಿಂದ ಅದನ್ನು ಕೆಳಗಿಳಿಸಿ ಕೂಗಿ ಹೇಳಿದ: "ಈ ಬಟ್ಟೆ ಕಂಕುಳಿಗೆ ಇಟ್ಟುಕೊಳ್ಳಿ, ಆಮೇಲೆ ಹಗ್ಗ ಹಾಕಿಕೊಳ್ಳಿ." ಯೆರೆಮೀಯ ಹಾಗೇ ಮಾಡಿದ. ಅವರು ಮೇಲಕ್ಕೆ ಎಳೆದುಕೊಂಡರು.